ದೀಪ ಕೊಂಡ ಹತ್ತಿದ್ದು

ನಾನು ಮಧುಗಿರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ದಿನಗಳಲ್ಲಿ ಆ ಊರಿನಲ್ಲಿ ನನ್ನ ಜೊತೆ ಮಾತಾಡುತ್ತಿದ್ದವರೆಲ್ಲ ಕಾಯಿಲೆಯವರು. ಹೊಟ್ಟೆನೋವಿನವನು ಬಂದು ಹೊಟ್ಟೆನೋವಿನ ಮಾತಾಡಿ, ಬಾಟ್ಲಿಗೆ ಔಷಧಿ ಹಾಕಿಸಿಕೊಂಡು ಹೋಗುತ್ತಿದ್ದ. ವಾಸಿಯಾದ ಮೇಲೆ ಪೇಟೆಯಲ್ಲಿ ಎದುರು ಸಿಕ್ಕರೆ ಮುಖ ಆ ಕಡೆ ತಿರುಗಿಸುತ್ತಿದ್ದ. ಅವನದೇನೂ ತಪ್ಪಿಲ್ಲ ಬಿಡಿ. ನನಗೂ ಮೂಗಿನ ತುದಿಯಲ್ಲೇ ಕೋಪ. ಯಾರಾದರೂ ಬಾಟ್ಲಿ ತೊಳೆಯದೆ ತಂದರೆ ಅವರ ವಂಶವನ್ನೆಲ್ಲ ಜಾಲಾಡಿಬಿಡುತ್ತಿದ್ದೆ. ಮೈಸೂರು ಕಡೆಯಿಂದ ವರ್ಗವಾಗಿ ಬಂದವನು, ಮದುವೆಯಾಗಿರಲಿಲ್ಲ, ಅಪ್ಪ ಅಮ್ಮ ಇಬ್ಬರೂ ಹೋಗಿಯಾಗಿತ್ತು. ಊಟ ಹೋಟೆಲಿನಲ್ಲಿ, ನಿದ್ದೆ ಬಾಡಿಗೆ ಕೋಣೆಯಲ್ಲಿ. ಭಾನುವಾರ ಬಂತೆಂದರೆ ಸಂಜೆಯವರೆಗೂ ಒಂದು ಮಾತು ಆಡಿರುತ್ತಿರಲಿಲ್ಲ. ಒಮ್ಮೊಮ್ಮೆ ಗಂಟಲು ಇದೆಯೋ ಇಲ್ಲವೋ ನೋಡೋಣವೆಂದು ಸುಮ್ಮನೆ ಕೆಮ್ಮುತ್ತಿದ್ದೆ.

ನಾಟಕದವರು ನನ್ನ ಹತ್ತಿರ ಬಂದದ್ದೂ ಬಾಟ್ಲಿಗಾಗಿಯೇ. ತಾಲ್ಲೂಕು ಕಚೇರಿಯ ಗುಮಾಸ್ತರು, ಸ್ಕೂಲಿನ ಮೇಷ್ಟ್ರುಗಳು, ಕೆಲವು ಅಂಗಡಿಯವರು ಸೇರಿ ವರ್ಷಕ್ಕೊಂದು ನಾಟಕ ಆಡುತ್ತಿದ್ದರು. ಕಡಲೆಕಾಯಿ ಮಂಡಿಯ ಸಾಹುಕಾರರು ಅದಕ್ಕೆ ಯಜಮಾನರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಬಾಯಿ ತುಂಬ ಎಲೆಯಡಿಕೆ. ಅವರ ಗೋದಾಮೇ ನಮ್ಮ ರಂಗಮಂದಿರ. ಅಲ್ಲಿ ರಾಜನ ಪಾತ್ರದವನು ಸಿಂಹಾಸನದಿಂದ ಎದ್ದರೂ ಬಟ್ಟೆಗೆ ಕಡಲೆಕಾಯಿ ಸಿಪ್ಪೆ ಅಂಟಿರುತ್ತಿತ್ತು.

“ಕಾಂಪೋಂಡ್ರೆ, ಚಪ್ಪಟೆ ಬಾಟ್ಲಿ ಒಂದಿಪ್ಪತ್ತು ಬೇಕು ಕಣ್ರೀ,” ಎಂದರು ಸಾಹುಕಾರರು. “ಬಣ್ಣದ ನೀರು ತುಂಬಿ ದೀಪದ ಮುಂದೆ ಇಟ್ರೆ ಬಣ್ಣದ ಬೆಳಕು ಬತ್ತದಂತೆ. ಕಂಪ್ನಿ ನಾಟಕದಲ್ಲಿ ಅಂಗೇ ಮಾಡ್ತಾರಂತೆ.”

ಸರ್ಕಾರದ ಬಾಟ್ಲಿ ಕೊಡುವುದಿಲ್ಲ ಎಂದು ಗುರುಗುಟ್ಟಿದೆ. ಒಡೆದ ಬಾಯಿಯ ಬಾಟ್ಲಿಗಳನ್ನು ಕೊಡಲು ಡಾಕ್ಟರು ಒಪ್ಪಿದರು. ಅವನ್ನು ಹೊತ್ತುಕೊಂಡು ಹೋಗಿ ನೋಡಿದರೆ, ಒಬ್ಬ ಗುಮಾಸ್ತ ಬಿಂದಿಗೆಯಲ್ಲಿ ಕುಂಕುಮ ಕದಡುತ್ತಿದ್ದ. ಕುಂಕುಮ ನೀರಿನಲ್ಲಿ ತಳಕ್ಕೆ ಇಳಿದು ಕೂರುತ್ತದೆ ಎಂಬಷ್ಟು ತಿಳಿವಳಿಕೆ ಬೇಡವೇ ಮನುಷ್ಯನಿಗೆ? ನನಗೆ ಸುಮ್ಮನಿರಲು ಆಗಲಿಲ್ಲ. ಮುತ್ತುಗದ ಹೂವನ್ನು ಕುದಿಸಿ ಸೋಸಿದೆ. ಸಂಜೆಯ ಬಿಸಿಲಿನ ಬಣ್ಣ ಬಂತು. ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆಯಷ್ಟು ಕರಗಿಸಿದೆ, ಬೆಳದಿಂಗಳು ಬಂತು. ಅಂದಿನಿಂದ ದೀಪದ ಕೆಲಸ ನನ್ನ ಕೊರಳಿಗೆ ಬಿತ್ತು. ಬೇಡ ಎಂದು ಬಾಯಲ್ಲಿ ಅಂದೆ. ಮನಸ್ಸಿನಲ್ಲಿ ಎಷ್ಟು ಖುಷಿಯಾಯಿತೆಂದರೆ ಹೋಟೆಲಿನಲ್ಲಿ ಆ ದಿನ ಎರಡು ಲೋಟ ಕಾಫಿ ಕುಡಿದೆ.

ನಾಟಕದ ಹಾಡುಗಳನ್ನು ಕಟ್ಟಿಕೊಡಲು ಪಾವಗಡದಿಂದ ಒಬ್ಬ ಹಾರ್ಮೋನಿಯಂ ಮೇಷ್ಟ್ರು ಬರುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಸಣಕಲು ಶರೀರ, ಬೆರಳು ಮಾತ್ರ ಉದ್ದ. ಶನಿವಾರ ಬಸ್ಸಿನಲ್ಲಿ ಬಂದು ಭಾನುವಾರ ಮಧ್ಯಾಹ್ನ ಹೊರಡುವರು. ಇಳಿದುಕೊಳ್ಳಲು ಜಾಗ ಬೇಕಲ್ಲ, ಒಂಟಿ ಮನುಷ್ಯ ಯಾರೆಂದು ನೋಡಿ ನನ್ನ ಕೋಣೆಗೆ ಕಳಿಸಿದರು. ಹೊಸಿಲಿನಲ್ಲಿ ನಿಂತು, “ಏಮ್ ಸ್ವಾಮಿ, ಒಳೀಕೆ ಬರ್ಬೋದಾ?” ಎಂದರು. ಅವರ ಕನ್ನಡ ಹಾಗೇ, ಅರ್ಧ ದಾರಿಯಲ್ಲಿ ತೆಲುಗು ಹತ್ತಿಕೊಂಡು ಮತ್ತೆಲ್ಲೋ ಇಳಿಯುತ್ತಿತ್ತು.

ಹಿಂದಿನ ವರ್ಷ ಅವರ ಹೆಂಡತಿ ತೀರಿಕೊಂಡಿದ್ದರು. ಅಷ್ಟನ್ನು ಸಾಹುಕಾರರು ಹೇಳಿದ್ದರು. ಮೇಷ್ಟ್ರು ಅದರ ಮಾತೆತ್ತಲಿಲ್ಲ, ನಾನು ಕೇಳಲಿಲ್ಲ. ನಾವು ಮಾತಾಡುತ್ತಿದ್ದದ್ದು ತಾಳದ ಬಗ್ಗೆ, ಸಾರಿನ ಬಗ್ಗೆ, ಯುದ್ಧ ಬಂದಮೇಲೆ ಇದ್ದಿಲಿನಲ್ಲಿ ಓಡುವ ಬಸ್ಸು ದಿಬ್ಬ ಹತ್ತದೆ ಜನ ಇಳಿದು ತಳ್ಳಿದ್ದರ ಬಗ್ಗೆ. ನನಗೆ ತಾಳವೇ ಗೊತ್ತಿರಲಿಲ್ಲ. ಅವರೇ ನನಗೆ ಔಷಧಿ ಕುಟ್ಟುವ ಕಲ್ಬತ್ತಿನಲ್ಲಿ ತಾಳ ಹೇಳಿಕೊಟ್ಟರು. ಆಸ್ಪತ್ರೆಯಲ್ಲಿ ನಾನು ಪುಡಿ ಅರೆಯುತ್ತಿದ್ದದ್ದನ್ನು ಒಂದು ಶನಿವಾರ ಬಾಗಿಲಲ್ಲಿ ನಿಂತು ನೋಡಿ, “ಏಳು ಸಲ ಕುಟ್ಟಿ ನಿಂತ್ರಲ್ಲ ಸ್ವಾಮಿ, ಇನ್ನೊಂದು ಕುಟ್ರಿ, ಆದಿತಾಳ ಆಗ್ತದೆ,” ಎಂದರು. ಆಮೇಲೆ ನಾನು ಅರೆದ ಪುಡಿಯೆಲ್ಲ ಎಂಟೆಂಟು ಏಟಿನದೇ. ಡಾಕ್ಟರು ಎರಡು ಸಲ ಒಳಗಿನಿಂದ, “ಏನ್ರೀ ಅದು ಭಜನೆ!” ಎಂದು ಕೂಗಿದರು.

ಬದುಕಿನಲ್ಲಿ ನಾನು ಕಾಯುವಂಥವರು ಒಬ್ಬರಿದ್ದಾರೆ ಎನ್ನಿಸಿದ್ದು ಆ ಶನಿವಾರಗಳಲ್ಲಿ. ಬಸ್ಸು ಬರುವ ಹೊತ್ತಿಗೆ ಕೋಣೆ ಗುಡಿಸಿ, ಹೊಸ ನೀರು ತುಂಬಿಸಿ, ಸುಮ್ಮನೆ ಪೇಟೆಗೆ ಬಂದವನಂತೆ ಬಸ್ ನಿಲ್ಲುವ ಕಡೆ ಹೋಗಿ ನಿಲ್ಲುತ್ತಿದ್ದೆ. ಅವರಿಗೆ ನಾನು ಕಾದದ್ದು ಗೊತ್ತಾಗಬಾರದು ಎಂಬ ಜಂಬ ಬೇರೆ.

ನಾಟಕದ ಕಥೆ ಇಷ್ಟು. ದಂಡಿಗೆ ಹೋದ ಗಂಡನಿಗಾಗಿ ಒಬ್ಬಳು ಹೊಸಿಲಿನಲ್ಲಿ ದೀಪ ಇಟ್ಟುಕೊಂಡು ಕಾಯುತ್ತಾಳೆ. ಗಂಡ ಬರುವುದರೊಳಗೆ ಸಾಯುತ್ತಾಳೆ. ಸಾಯುವಾಗ ಒಂದು ಹಾಡು, ಮೂರು ಚರಣ. ಆಕೆಯ ವೇಷದ ಗುಮಾಸ್ತನಿಗೆ ಗಂಟಲಿರಲಿಲ್ಲವಾದ್ದರಿಂದ ಹಾಡನ್ನು ಮೇಷ್ಟ್ರೇ ಪಕ್ಕದಲ್ಲಿ ಕೂತು ಹಾಡುವುದೆಂದಾಯಿತು. ರಾಗ ಅವರೇ ಹೊಸದಾಗಿ ಹಾಕಿದ್ದು. ಹಾಡಿನ ಜೊತೆಗೆ ದೀಪವೂ ನಡೆಯಬೇಕು ಎಂದರು.

“ಮಾತು ಬೇಡ, ಅಭಿನಯ ಬೇಡ. ಅವ್ನು ಸುಮ್ನೆ ಮಲಗ್ಲಿ. ನಾನು ಹಾಡ್ತೀನಿ, ನೀವು ದೀಪದಲ್ಲಿ ಹೇಳಿ. ನಾವಿಬ್ರೇ.”

ನಾವಿಬ್ರೇ ಎಂದದ್ದು ನನ್ನ ತಲೆಗೆ ಏರಿತು.

ಗ್ಯಾಸ್‌ಲೈಟಿನ ಕಷ್ಟವೇನೆಂದರೆ ಅದನ್ನು ಹಾಡಿಗೆ ತಕ್ಕ ಹಾಗೆ ಸಣ್ಣದು ದೊಡ್ಡದು ಮಾಡಲು ಬರುವುದಿಲ್ಲ. ಉರಿದರೆ ಭುಸ್ಸೆಂದು ಉರಿಯುತ್ತದೆ. ಅದಕ್ಕೆ ನಾನು ಸೀಮೆಎಣ್ಣೆ ಡಬ್ಬಗಳ ತಳ ಕೊಯ್ದು, ಬಾವಿಯ ರಾಟೆಗಳನ್ನು ತೊಲೆಗೆ ಕಟ್ಟಿ, ಹಗ್ಗದಲ್ಲಿ ಡಬ್ಬವನ್ನು ದೀಪದ ಮೇಲೆ ಇಳಿಸುವ ಹಾಗೆ ಮಾಡಿದೆ. ಡಬ್ಬ ಇಳಿದಷ್ಟೂ ಬೆಳಕು ಕಡಿಮೆ. ತೊಲೆಯ ಪಕ್ಕದ ಹಲಗೆಯ ಮೇಲೆ ನಾನೊಬ್ಬನೇ ಕೂತು ಹಗ್ಗಗಳನ್ನು ಹಿಡಿಯಬೇಕು. ಭಾನುವಾರ ಹಗಲು ಗೋದಾಮಿನ ಬಾಗಿಲು ಕಿಟಕಿಗಳಿಗೆ ಗೋಣಿತಾಟು ಬಡಿದು ಕತ್ತಲು ಮಾಡಿಕೊಂಡು, ಮೇಷ್ಟ್ರು ಕೆಳಗೆ, ನಾನು ಮೇಲೆ. ಮೊದಲ ಚರಣಕ್ಕೆ ಮುತ್ತುಗದ ಕೆಂಪು; ತಾಳದ ಪ್ರತಿ ಸುತ್ತಿಗೆ ಒಂದು ಗೇಣು ಹಗ್ಗ. ಎರಡನೆಯದಕ್ಕೆ ನೀಲಿ. ಅವರು ಒಂದು ಸ್ವರದ ಮೇಲೆ ನಿಂತು ಉಸಿರೆಳೆದುಕೊಂಡರೆ ನನ್ನ ಕೈಯೂ ತಾನಾಗಿ ನಿಲ್ಲುತ್ತಿತ್ತು. ಇಬ್ಬರೂ ಒಂದೇ ಕ್ಷಣ ಮುಗಿಸಿದಾಗ ಅವರು ತಲೆಯೆತ್ತಿ, “ಭೇಷ್,” ಎನ್ನುವರು. ಅಷ್ಟೇ ಸಾಕಾಗುತ್ತಿತ್ತು ನನಗೆ ಒಂದು ವಾರಕ್ಕೆ.

ಮೂರನೆಯ ಚರಣ ಮಾತ್ರ ಉಳಿಯಿತು. ಆಗ ಎರಡು ಶನಿವಾರ ಬಸ್ಸೇ ಬರಲಿಲ್ಲ. ಕೊನೆಗೊಂದು ದಿನ ಬಸ್ಸು ಬಂತು, ಮೇಷ್ಟ್ರು ಬರಲಿಲ್ಲ. ಕಂಡಕ್ಟರ್ ಕೈಯಲ್ಲಿ ಕಾಗದ ಕೊಟ್ಟು ಕಳಿಸಿದ್ದರು. ನಾಟಕದ ದಿನವೇ ಬರುತ್ತೇನೆ, ನೀವು ತಯಾರು ಮಾಡಿಕೊಂಡಿರಿ ಎಂದು ಬರೆದು, ಕೆಳಗೆ ಹೀಗೆ ಬರೆದಿದ್ದರು: ಮೂರನೇ ಚರಣದಲ್ಲಿ ದೀಪ ಕೊಂಡ ಹತ್ತಬೇಕು. ಅವಸರ ಬೇಡ, ಹಾಡಿನ ಜೊತೆಗೇ ಹತ್ತಬೇಕು. ಪಲ್ಲವಿ ಕೊನೇ ಸಲ ಬರುವಾಗ ಪೂರ್ತಿ ಹತ್ತಿರಬೇಕು.

ಕೊಂಡ ಅಂದರೆ ಬೆಟ್ಟ. ಪೆನುಕೊಂಡ ಅನ್ನುತ್ತೇವಲ್ಲ, ಅಷ್ಟು ತೆಲುಗು ನನಗೂ ಬರುತ್ತಿತ್ತು. ನಮ್ಮ ಹಿಂದಿನ ಪರದೆಯ ಮೇಲೆ ಬೆಟ್ಟವೂ ಇತ್ತು. ಪೇಂಟರು ಬೇರೆ ಬೆಟ್ಟ ನೋಡಿರಲಿಲ್ಲವಾಗಿ ದಿನಾ ನೆತ್ತಿಯ ಮೇಲೆ ಕಾಣುವ ನಮ್ಮೂರಿನ ಬೆಟ್ಟವನ್ನೇ ಬರೆದಿದ್ದರು. ಆಹಾ, ಎಂಥ ತಲೆ ಮೇಷ್ಟ್ರದು ಎಂದುಕೊಂಡೆ. ಹೊಸಿಲಿನ ದೀಪ ಆಕೆಯ ಜೀವದ ಜೊತೆ ಬೆಟ್ಟ ಏರಿ ಹೋಗುತ್ತದೆ! ಪರದೆಯ ಬೆಟ್ಟವನ್ನು ಕೊಯ್ಸಿ, ಅಲ್ಲಿಗೆ ತೆಳು ಮಲ್ಲು ಬಟ್ಟೆ ಹೊಲಿಸಿ, ಹೊಸದಾಗಿ ಬರೆಸಿದೆ. ಹಿಂದೆ ಎರಡು ರಾಟೆ ಕಟ್ಟಿ ಗ್ಯಾಸ್‌ಲೈಟನ್ನೇ ಮೇಲೆಳೆಯುವ ಏರ್ಪಾಡು ಮಾಡಿದೆ. ಹದಿನೈದು ದಿನ ಆಸ್ಪತ್ರೆ ಮುಗಿಸಿ ನೇರ ಗೋದಾಮಿಗೆ. ಕೈಯೆಲ್ಲ ಬೊಬ್ಬೆ.

ಹೆಣ್ಣು ವೇಷದ ಗುಮಾಸ್ತ ಒಂದು ದಿನ ಕೇಳಿದ: “ಅಲ್ರೀ, ಸಾಯೋಳಿಗೆ ಇಷ್ಟೊಂದು ಬೆಳಕು ಯಾಕ್ರೀ? ಒಂದ್ಸಲ ಮೇಷ್ಟ್ರನ್ನ ಕೇಳ್ಬಾರ್ದಾ?”

“ನೀನು ಸುಮ್ಮನೆ ಸಾಯಯ್ಯ, ಮಿಕ್ಕಿದ್ದು ನಾನು ನೋಡ್ಕೋತೀನಿ,” ಎಂದೆ.

ಅವನು ಕೇಳಿದ್ದು ಸರಿ ಎಂದು ನನಗೂ ಒಂದು ಕ್ಷಣ ಅನ್ನಿಸಿತ್ತು. ಒಂದು ಕಾರ್ಡು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಆಗಲೇ ಬೆಟ್ಟ ನನ್ನದಾಗಿಬಿಟ್ಟಿತ್ತು. ಕೇಳಿ, ಅವರು ಹಾಗಲ್ಲ ಅಂದುಬಿಟ್ಟರೆ? ಕೇಳಲಿಲ್ಲ.

ನಾಟಕದ ದಿನ ಮಧ್ಯಾಹ್ನ ಮೇಷ್ಟ್ರು ಬಂದು ಇಳಿದರು. ಮುಖ ಬಾಡಿತ್ತು. ಬಸ್ಸಿನ ಆಯಾಸವಿರಬೇಕು ಎಂದುಕೊಂಡೆ. ಕೈಕಾಲು ತೊಳೆದು ಬಂದು ಕೇಳಿದ್ದು ಒಂದೇ ಮಾತು: “ಕೊನೇ ಚರಣ ಗ್ಯಾಪಕ ಐತಾ ಸ್ವಾಮಿ? ಕೊಂಡ ಹತ್ತಿಸ್ತೀರಲ್ಲ?”

“ನೀವು ನೋಡ್ತಾ ಇರಿ,” ಎಂದೆ. ಪರದೆಯ ಹಿಂದೆ ಹೋಗಲು ಬಿಡಲಿಲ್ಲ. ಆಶ್ಚರ್ಯ ಆಗಲಿ ಎಂದು ಆಸೆ.

ಗೋದಾಮು ತುಂಬಿತ್ತು. ಪುರವರ, ಕೊಳಾಲದ ಕಡೆಯಿಂದೆಲ್ಲ ಗಾಡಿ ಕಟ್ಟಿಕೊಂಡು ಜನ ಬಂದಿದ್ದರು. ಹಾಡು ಶುರುವಾಯಿತು. ಕೆಂಪು ಬೆಳಕು ಸರಿಯಾಗಿ ಇಳಿಯಿತು. ನೀಲಿ ಬಂತು, ಹೆಂಗಸರ ಕಡೆಯಿಂದ ಉಸಿರು ಬಿಟ್ಟ ಸದ್ದು ಮೇಲಕ್ಕೆ ಕೇಳಿತು. ಮೂರನೆಯ ಚರಣಕ್ಕೆ ಮುಂದಿನ ದೀಪಗಳನ್ನೆಲ್ಲ ಮುಚ್ಚಿದೆ. ಒಂದು ಕ್ಷಣ ಪೂರ್ತಿ ಕತ್ತಲು. ಆ ಕತ್ತಲಲ್ಲಿ ಮೇಷ್ಟ್ರ ದನಿ ನಡುಗಿತು, ಅಲ್ಲಿಯವರೆಗೆ ನಾನು ಅವರ ದನಿ ಹಾಗೆ ಕೇಳಿರಲಿಲ್ಲ. ನಾನು ಹಗ್ಗ ಎಳೆದೆ. ಬೆಟ್ಟದ ಬುಡದಲ್ಲಿ ದೀಪ ಮೂಡಿತು, ಮೇಲೆ ಹೊರಟಿತು.

“ಲೇ! ಬೆಟ್ಟ ಹತ್ತೈತೆ ನೋಡ್ರಲಾ ಜೀವ!” ಎಂದು ಯಾರೋ ಕೂಗಿದರು. ಗೋದಾಮೇ ಎದ್ದು ನಿಂತಿತು. ಹೆಂಗಸರು ಕೈಮುಗಿದರು. ಹಾರ್ಮೋನಿಯಂ ನಡುವೆಯೇ ನಿಂತುಹೋಯಿತು. ಬಗ್ಗಿ ನೋಡಿದೆ. ಮೇಷ್ಟ್ರು ಬೆಳಕಿಗೆ ಎದುರಾಗಿ ಕೂತಿದ್ದರು, ಕೈ ಹಾರ್ಮೋನಿಯಂ ಮನೆಗಳ ಮೇಲೇ ಇತ್ತು. ಚಪ್ಪಾಳೆ ಎದ್ದಿತು. ದೀಪ ನೆತ್ತಿ ಮುಟ್ಟಿದಾಗ ಬೆಳಕು ಪೂರ್ತಿ ಅವರ ಮೇಲೆ ಬಿತ್ತು. ಮುಂದಿನ ಚಾಪೆಯಿಂದ ಯಾರೋ, “ಹಾರ್ಮೋನಿ ಮೇಷ್ಟ್ರು ಅಳ್ತಾವ್ರೆ ಕಣ್ರಲಾ!” ಎಂದರು. ಕೆಲವರು ನಕ್ಕರು. ಆಮೇಲೆ ಚಪ್ಪಾಳೆಯಲ್ಲಿ ಏನೂ ಕೇಳಿಸಲಿಲ್ಲ.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವರು ಹಾಸಿಗೆ ಸುತ್ತಿಟ್ಟು ಚೀಲ ಹಿಡಿದು ನಿಂತಿದ್ದರು. “ಚೆನ್ನಾಗಿತ್ತು ಸ್ವಾಮಿ,” ಎಂದರು. ಕಾಫಿಗೆ ನಿಲ್ಲಲಿಲ್ಲ.

ಮುಂದಿನ ಶನಿವಾರ ನಾಟಕವಿರಲಿಲ್ಲ, ಬರುವ ಕಾರಣವೂ ಇರಲಿಲ್ಲ. ಆದರೂ ಹೋಗಿ ನಿಂತೆ. ಅದರ ಮುಂದಿನ ಶನಿವಾರವೂ. ಆಮೇಲೆ ನನ್ನ ದರಿದ್ರ ಕೋಪ ಬಂತು. ಹಾಡನ್ನು ನಡುವೆ ನಿಲ್ಲಿಸಿ ನನ್ನ ಇಷ್ಟು ದಿನದ ಕೆಲಸ ಕೆಡಿಸಿದಿರಿ, ಕಾರಣ ಹೇಳುವ ಮರ್ಯಾದೆಯಾದರೂ ಬೇಡವೇ ಎಂದು ಕಾಗದ ಬರೆದೆ. ಉತ್ತರ ಬರಲಿಲ್ಲ. ಮೆತ್ತಗೆ ಇನ್ನೊಂದು ಬರೆದೆ. ಅದಕ್ಕೂ ಇಲ್ಲ.

ಊರೂರಿಗೆ ಮಾತ್ರ ಬೆಟ್ಟದ ದೀಪದ ಸುದ್ದಿ ಹರಡಿತು. ಶಿರಾದವರು ಕರೆಸಿದರು, ಕೊರಟಗೆರೆಯವರು ಕರೆಸಿದರು. ಶಿರಾದಲ್ಲಿ ಅತ್ತರಿನ ಅಂಗಡಿಯ ಸಾಹೇಬರೊಬ್ಬರು ನನ್ನ ಕೈ ಹಿಡಿದುಕೊಂಡು, “ವಾಹ್ ಭಾಯ್, ಕಮಾಲ್ ಮಾಡಿದ್ರಿ!” ಎಂದರು. ಹಾಡಿದವರು ಬೇರೆ ಯಾರೋ. ಅವರು ತಮ್ಮ ಪಾಡಿಗೆ ಹಾಡಿದರು, ನಾನು ನನ್ನ ಪಾಡಿಗೆ ಎಳೆದೆ, ಯಾರೂ ತಲೆಯೆತ್ತಿ ನೋಡಲಿಲ್ಲ. ಹೊಗಳಿಕೆ ಕೇಳಿ ಕೋಣೆಗೆ ವಾಪಸು ಬಂದರೆ ಮೊದಲಿಗಿಂತ ಹೆಚ್ಚು ಒಂಟಿ ಅನ್ನಿಸುತ್ತಿತ್ತು. ಮೊದಲು ಯಾರೂ ಇಲ್ಲದಿದ್ದದ್ದು ಅಭ್ಯಾಸವಾಗಿತ್ತು. ಈಗ ಒಬ್ಬರು ಇಲ್ಲ.

ಹೀಗಿರುವಾಗ ಒಬ್ಬಳು ಮುದುಕಿ ಮೊಣಕಾಲು ತರಚಿಕೊಂಡು ಆಸ್ಪತ್ರೆಗೆ ಬಂದಳು. ಪಾವಗಡದ ಆಚೆ ಗಡಿಯವಳು, ಪುರವರದ ಮಗಳ ಮನೆಗೆ ಬಂದಿದ್ದಳು. ಗಾಯ ತೊಳೆಯುತ್ತ ಹೇಗೆ ಬಿದ್ದೆ ಎಂದು ಕೇಳಿದೆ.

“ದೀಪ ಕೊಂಡ ಹತ್ಬುಟ್ಟಿತ್ತು ಸಾಮಿ. ಕತ್ಲಾಗೆ ಹೊಸ್ಲು ಕಾಣ್ಲಿಲ್ಲ.”

ನನ್ನ ಕೈಯಲ್ಲಿದ್ದ ಹತ್ತಿ ಹಾಗೇ ನಿಂತಿತು. “ಏನು ಹತ್ತಿತ್ತು?”

“ದೀಪ ಕಣಪ್ಪ. ಎಣ್ಣೆ ಮುಗ್ದು ಕೊಂಡ ಹತ್ಬುಡ್ತು.”

“ದೀಪ ಬೆಟ್ಟಕ್ಕೆ ಯಾಕಮ್ಮ ಹೋಗುತ್ತೆ?”

ಮುದುಕಿ ನೋವಿನಲ್ಲೂ ನಕ್ಕುಬಿಟ್ಟಳು. “ಅಯ್ಯೋ ನಿನ್ನ! ಆರೋಯ್ತು ಅಂತ ಬಾಯಲ್ಲಿ ಅನ್ಬಾರ್ದು ಕಣಪ್ಪ, ಮನೆ ದೀಪ ಅಲ್ವಾ? ನಮ್ ಕಡೆ ಎಲ್ರೂ ಇಂಗೇ ಅನ್ನಾದು. ಯಾವೂರ್ನೋನು ನೀನು?”

ಪಟ್ಟಿ ಕಟ್ಟಿದೆ. ಹೇಗೆ ಕಟ್ಟಿದೆನೋ ಗೊತ್ತಿಲ್ಲ. ಮೇಷ್ಟ್ರು ಕೇಳಿದ್ದು ಕತ್ತಲು. ಹಾಡಿನ ಜೊತೆಗೆ ನಿಧಾನವಾಗಿ, ಅವಸರವಿಲ್ಲದೆ ಕತ್ತಲು. ನಾನು ಇದ್ದಬದ್ದ ಬೆಳಕನ್ನೆಲ್ಲ ಎಳೆದು ತಂದು ಅವರ ಮುಖಕ್ಕೆ ಹಿಡಿದಿದ್ದೆ.

ಭಾನುವಾರ ಪಾವಗಡದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಲ್ಲುಗುಡ್ಡ, ಬಿಸಿಲು. ಮಾತಿನ ತಪ್ಪು ಎಂದು ಹೇಳಿದರೆ ನಕ್ಕುಬಿಡುತ್ತಾರೆ, ಇಬ್ಬರೂ ನಗುತ್ತೇವೆ ಎಂದು ಮನಸ್ಸಿನಲ್ಲೇ ಅವರ ನಗುವನ್ನೂ ಕೇಳಿಸಿಕೊಂಡೆ. ಮುಂದಿನ ಶನಿವಾರದ ಊಟದವರೆಗೂ ಯೋಚನೆ ಹೋಗಿತ್ತು.

ಅವರ ಮನೆಯಲ್ಲಿ ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಕಾಲಿಗೆ ನೀರು ಕೊಟ್ಟು, ಮುದ್ದೆ, ಕಡಲೆಕಾಯಿ ಚಟ್ನಿ ಬಡಿಸಿದರು. ಮೇಷ್ಟ್ರು ಎದುರು ಕೂತು, ಇನ್ನೊಂದಿಷ್ಟು ಹಾಕಿಸ್ಕೊಳ್ಳಿ ಎಂದು ಉಪಚಾರ ಮಾಡಿದರು. ಬಸ್ಸಿನವರೆಗೆ ಬಿಡಲು ಬಂದಾಗ ನಾನೇ ಬಾಯಿ ಬಿಟ್ಟೆ.

“ತಪ್ಪಾಯ್ತು ಮೇಷ್ಟ್ರೇ. ಕೊಂಡ ಅಂದರೆ ಬೆಟ್ಟ ಅಂದುಕೊಂಡೆ. ಆರಿಸು ಅಂತ ಗೊತ್ತಾಗಲಿಲ್ಲ.”

“ಅದು ಅವತ್ತೇ ತಿಳೀತು ಸ್ವಾಮಿ,” ಎಂದರು. “ದೀಪ ಮೇಲಕ್ಕೆ ಹೊಂಟಾಗ್ಲೇ ತಿಳೀತು. ನಾನು ಬರ್ದಿದ್ದು ಅಂಗಿತ್ತು, ನಿಮ್ದೇನು ತಪ್ಪು ಅದ್ರಾಗೆ.” ಬಸ್ ನಿಲ್ಲುವ ಕಡೆಗೆ ತಿರುಗಿದರು. “ಅವ್ಳು ಹೋದಾಗ ನಾನು ಊರಾಗಿರ್ಲಿಲ್ಲ. ಬರೋದ್ರೊಳಗೆ ಎಲ್ಲಾ ಮುಗ್ದಿತ್ತು. ಮನೇಲಿ ಅತ್ರೆ ಮಕ್ಳು ಹೆದರ್ತವೆ. ಒಂದು ಪಲ್ಲವಿ ಕತ್ಲಲ್ಲಿ ಕೂತು ಅತ್ಬುಡೋಣ ಅಂತ ಆ ಹಾಡು ಕಟ್ಟಿದ್ದು.”

“ಇನ್ನೊಂದು ಸಲ ಮಾಡೋಣ ಮೇಷ್ಟ್ರೇ. ಬೆಟ್ಟ ಬೇಡ, ಕಿತ್ತು ಬಿಸಾಕ್ತೀನಿ. ನಾವಿಬ್ಬರೇ ಮಾಡೋಣ.”

ಅವರು ನಿಂತರು. ಕೋಪವಿರಲಿಲ್ಲ ಅವರ ಮುಖದಲ್ಲಿ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಾನು ಹಾರ್ಮೋನಿ ನಿಲ್ಸಿದೆ. ನೀವು ಬಗ್ಗಿ ನೋಡಿದ್ರಿ. ನಾನು ಅಳ್ತಿದ್ದೆ, ನೋಡಿದ್ರಿ. ಕೈಯಲ್ಲಿ ಹಗ್ಗ ಇತ್ತು ಸ್ವಾಮಿ. ಬುಟ್ಬುಡ್ಬೋದಿತ್ತು. ಜನ ಚಪ್ಪಾಳೆ ಹೊಡ್ದ್ರು, ನೀವು ಮತ್ತೆ ಎಳುದ್ರಿ.”

ನೋಡಿದ್ದೆ. ಅವರ ಒದ್ದೆ ಮುಖ, ನನ್ನನ್ನೇ ನೋಡುತ್ತಿದ್ದ ಕಣ್ಣು, ಎಲ್ಲ ನೋಡಿದ್ದೆ. ಎಷ್ಟೋ ದಿನ ನೋಡಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ, ಅಷ್ಟೇ.

ಬಸ್ಸು ಬಂತು. ನನಗೆ ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟು, ಕೆಳಗೆ ನಿಂತು ಮೇಷ್ಟ್ರು ಮೆಲ್ಲಗೆ ಹೇಳಿದರು: “ಇನ್ಮೇಲೆ ಕಾಗ್ದ ಬರೀಬೇಡಿ ಸ್ವಾಮಿ. ಯಾರ್ದು ಅಂತ ಮಕ್ಳು ಕೇಳ್ತವೆ. ಸ್ನೇಹಿತ್ರುದು ಅನ್ನಾಕೆ ಬಾಯಿ ಬರಲ್ಲ.”

ಆಗಲಿ ಎಂದು ತಲೆಯಾಡಿಸಿದೆ. ಬಸ್ಸು ಹೊರಟಿತು. ಕಿಕ್ಕಿರಿದ ಬಸ್ಸು, ಎದುರಿನ ಸೀಟಿನವರು ನನ್ನ ಮುಖವನ್ನೇ ನೋಡುತ್ತಿದ್ದರು, ಹೊರಗೆ ಮಟಮಟ ಬಿಸಿಲು. ಮಧುಗಿರಿ ಮುಟ್ಟುವವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ, ಅಳಲು ಎಲ್ಲೂ ಒಂದು ಕತ್ತಲೆಯ ಮೂಲೆ ಇರಲಿಲ್ಲ.